ಹೊಸ ದತ್ತಾಂಶ ಸಾಧನಗಳನ್ನೂ ಸಾಮಾಜಿಕ ಜಾಲತಾಣಗಳನ್ನೂ ಪರೀಕ್ಷಿಸಿ ಬಳಸುವ ಕ್ರಮ

ಅಂತರಜಾಲದಲ್ಲಿ ಹೊಸ ಸೇವೆಯೊಂದರ ಹೆಸರು ಕೇಳಿಬಂದ ಕೂಡಲೇ ಖಾತೆ ತೆರೆದು, ಫೋನಿನಲ್ಲಿರುವ ಸಂಪರ್ಕಗಳ ಪಟ್ಟಿಯನ್ನೂ ಒಪ್ಪಿಸಿ, ಅದರಿಂದ ತಮಗೇನು ಉಪಯೋಗವೆಂದು ಆಮೇಲೆ ಯೋಚಿಸುವುದು ಈಗಿನ ರೂಢಿಯಾಗಿದೆ. ಈ ಕ್ರಮವನ್ನು ತಿರುಗಿಸಿಕೊಳ್ಳುವುದು ಒಳ್ಳೆಯದು. ನಮಗೆ ಉತ್ತರ ಚೆನ್ನಾಗಿ ಗೊತ್ತಿರುವ ಪ್ರಶ್ನೆಯನ್ನೇ ಮೊದಲು ಆ ಸಾಧನಕ್ಕೆ ಕೇಳಬೇಕು. ಕನ್ನಡದ ಪಠ್ಯವನ್ನು ಅದು ಹೇಗೆ ನಡೆಸಿಕೊಳ್ಳುತ್ತದೆಂದು ನೋಡಬೇಕು. ನಮ್ಮ ಬರಹವನ್ನೂ ಮಾಹಿತಿಯನ್ನೂ ಹೊರಗೆ ತೆಗೆದುಕೊಳ್ಳಲು ದಾರಿಯಿದೆಯೇ ಎಂದು ವಿಚಾರಿಸಬೇಕು. ಇಷ್ಟಾದ ಮೇಲೂ ಬೇಕೆನಿಸಿದರೆ ಖಾತೆ ತೆರೆಯಬಹುದು. ಅಂಕಿಅಂಶಗಳನ್ನೂ ಮಾಹಿತಿಯನ್ನೂ ಹುಡುಕಿ ಕೊಡುವ ದತ್ತಾಂಶ ಸಾಧನಗಳಲ್ಲಿ ಹಲವನ್ನು ಖಾತೆಯಿಲ್ಲದೆಯೇ ಬಳಸಬಹುದಾದ್ದರಿಂದ ಈ ಅಭ್ಯಾಸವನ್ನು ಅವುಗಳಿಂದಲೇ ಆರಂಭಿಸುವುದು ಸುಲಭ.

ಉತ್ತರ ಗೊತ್ತಿರುವ ಪ್ರಶ್ನೆ

ಕರ್ನಾಟಕದಲ್ಲಿ ಎಷ್ಟು ಜಿಲ್ಲೆಗಳಿವೆ ಎಂಬುದು ಶಾಲಾ ಮಕ್ಕಳ ಪ್ರಶ್ನೆಯಂತೆ ಕಂಡರೂ ಹೊಸ ಸಾಧನವೊಂದನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದು ಕಷ್ಟ. 2001ರ ಜನಗಣತಿಯ ಕಾಲಕ್ಕೆ ರಾಜ್ಯದಲ್ಲಿ 27 ಜಿಲ್ಲೆಗಳಿದ್ದವು. 2007ರಲ್ಲಿ ರಾಮನಗರ ಮತ್ತು ಚಿಕ್ಕಬಳ್ಳಾಪುರ ಸೇರಿ 29 ಆದವು, ಯಾದಗಿರಿ ಸೇರಿದ ಮೇಲೆ 2011ರ ಜನಗಣತಿಗೆ 30 ಆದವು, 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರ್ಪಟ್ಟು 31 ಆದವು. ಆದ್ದರಿಂದ ಸಾಧನವು ಕೊಡುವ ಸಂಖ್ಯೆಯೇ ಅದರ ಹಿಂದಿರುವ ದತ್ತಾಂಶ ಯಾವ ಕಾಲದ್ದೆಂಬುದನ್ನು ಬಹುಮಟ್ಟಿಗೆ ತಿಳಿಸಿಬಿಡುತ್ತದೆ. 30 ಎಂದು ಬಂದರೆ ಅದು ತಪ್ಪೆಂದು ತಳ್ಳಿಹಾಕಬೇಕಾಗಿಲ್ಲ, 2021ಕ್ಕಿಂತ ಹಿಂದಿನ ದತ್ತಾಂಶವೆಂದು ಗುರುತಿಸಿಕೊಂಡರೆ ಸಾಕು. 31 ಜಿಲ್ಲೆಗಳನ್ನು ತೋರಿಸಿ, ಬಳ್ಳಾರಿಯ ಎದುರಿಗೆ 2011ರ ಜನಸಂಖ್ಯೆಯಾದ ಸುಮಾರು 24.5 ಲಕ್ಷವನ್ನು ಹಾಗೆಯೇ ಉಳಿಸಿಕೊಂಡಿರುವ ಪಟ್ಟಿ ಅದಕ್ಕಿಂತ ಅಪಾಯಕಾರಿ, ಏಕೆಂದರೆ ಅಲ್ಲಿ ಹೊಸಪೇಟೆ, ಹಡಗಲಿಗಳ ಜನರು ಎರಡು ಜಿಲ್ಲೆಗಳಲ್ಲಿಯೂ ಎಣಿಕೆಯಾಗಿರುವ ಸಂಭವವಿರುತ್ತದೆ. ಎಲ್ಲ ಜಿಲ್ಲೆಗಳನ್ನು ಕೂಡಿಸಿದಾಗ 2011ರ ಒಟ್ಟು ಮೊತ್ತವಾದ 6,10,95,297 ಬರುತ್ತದೆಯೇ ಎಂದು ನೋಡಿದರೆ ಈ ದೋಷ ಕೂಡಲೇ ಹೊರಬೀಳುತ್ತದೆ.

ಎರಡನೆಯ ಪ್ರಶ್ನೆಯನ್ನು ಊರುಗಳ ಹೆಸರಿನ ಮೇಲೆ ಕೇಳಬೇಕು. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ಒಟ್ಟು 12 ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಹಳೆಯ ಹೆಸರಿನ ಸಾಲುಗಳನ್ನೂ ಹೊಸ ಹೆಸರಿನ ಸಾಲುಗಳನ್ನೂ ಸಾಧನವು ಒಂದೇ ಊರಿನವೆಂದು ಗ್ರಹಿಸುತ್ತದೆಯೇ ಎಂಬುದನ್ನು ನೋಡಬೇಕು. ಛತ್ತೀಸಗಢದಲ್ಲಿಯೂ ಬಿಜಾಪುರವೆಂಬ ಜಿಲ್ಲೆಯಿದೆ. ದೇವನಹಳ್ಳಿ ತಾಲ್ಲೂಕಿನಲ್ಲಿ ವಿಜಯಪುರವೆಂಬ ಪಟ್ಟಣವಿದೆ. ಆದಿಲ್‌ಶಾಹಿಗಳ ಊರಿನ ಬದಲಿಗೆ ಬಸ್ತರಿನ ಕಾಡಿನಲ್ಲೋ ಬೆಂಗಳೂರು ಗ್ರಾಮಾಂತರದಲ್ಲೋ ಚುಕ್ಕೆಯಿಡುವ ನಕ್ಷೆಯನ್ನು ನಂಬಿ ಮುಂದಿನ ಕೆಲಸ ಮಾಡಲಾಗದು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಟ್ಟಿರುವುದರಿಂದ ಈ ಪರೀಕ್ಷೆಗೆ ಈಗ ಇನ್ನೊಂದು ಕಠಿಣ ಪ್ರಶ್ನೆ ಸೇರಿಕೊಂಡಿದೆ, ಏಕೆಂದರೆ ಅದೇ ಹೆಸರಿನ ಲೋಕಸಭಾ ಕ್ಷೇತ್ರವೂ ಇದೆ, ಮತ್ತು ಅದರ ವ್ಯಾಪ್ತಿಯೇ ಬೇರೆ.

ಅನ್ನ ಬೆಂದಿತೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕೆಂಬ ಮಾತು ದತ್ತಾಂಶದ ವಿಷಯದಲ್ಲಿ ನಡೆಯುವುದಿಲ್ಲ. ಮೈಸೂರಿನ ಸಾಲು ಸರಿಯಾಗಿದ್ದ ಮಾತ್ರಕ್ಕೆ ಯಾದಗಿರಿಯ ಸಾಲೂ ಸರಿಯಾಗಿರುತ್ತದೆಂದು ಹೇಳಲಾಗದು; ದೊಡ್ಡ ಊರುಗಳ ಮಾಹಿತಿಯನ್ನು ನೋಡುವ ಮತ್ತು ತಿದ್ದುವ ಕಣ್ಣುಗಳು ಹೆಚ್ಚು. ಆದ್ದರಿಂದ ಬೇಕೆಂದೇ ಮೂಲೆಯ ತಾಲ್ಲೂಕೊಂದನ್ನು, ಸಾಧ್ಯವಾದರೆ ಸ್ವಂತ ಊರನ್ನೇ ಆರಿಸಿಕೊಳ್ಳಬೇಕು.

ಎಲ್ಲಿ ಆರಂಭಿಸಬಹುದು

ಹೊಸಬರಿಗೆ ನಾನು ಮೊದಲು ಸೂಚಿಸುವುದು ಸ್ವಯಂಸೇವಕರು ಕೂಡಿ ಕಟ್ಟುವ ಮಾಹಿತಿಯ ಭಂಡಾರವಾದ ವಿಕಿಡೇಟಾವನ್ನು. 2012ರ ಅಕ್ಟೋಬರಿನಲ್ಲಿ ಆರಂಭವಾದ ಈ ಭಂಡಾರದಲ್ಲಿ ಪ್ರತಿಯೊಂದು ವಸ್ತುವಿಗೂ ಕ್ಯೂ ಅಕ್ಷರದಿಂದ ಆರಂಭವಾಗುವ ಸಂಖ್ಯೆಯೊಂದಿದೆ. ಕರ್ನಾಟಕದ ಸಂಖ್ಯೆ ಕ್ಯೂ1185, ಬೆಂಗಳೂರಿನದು ಕ್ಯೂ1355. ಹೆಸರು ಬದಲಾದರೂ ಈ ಸಂಖ್ಯೆ ಬದಲಾಗದಿರುವುದರಿಂದ ಮೇಲೆ ಹೇಳಿದ ಗುಲ್ಬರ್ಗಾ–ಕಲಬುರಗಿಯ ತೊಡಕು ಇಲ್ಲಿ ಬಹಳ ಕಡಿಮೆ. ದತ್ತಾಂಶವನ್ನು ಯಾವ ಷರತ್ತೂ ಇಲ್ಲದೆ ಯಾರೂ ಬಳಸಬಹುದು, ಓದಲು ಖಾತೆ ಬೇಡ. ಪ್ರಶ್ನೆ ಕೇಳಲು ಸ್ಪಾರ್ಕಲ್ ಎಂಬ ಭಾಷೆ ಇದೆಯಾದರೂ ಆರಂಭದಲ್ಲಿಯೇ ಅದನ್ನು ಕಲಿಯಬೇಕಾಗಿಲ್ಲ; ಪ್ರಶ್ನೆಯನ್ನು ಚೌಕಗಳಲ್ಲಿ ತುಂಬುವ ಕ್ವೆರಿ ಬಿಲ್ಡರ್ ಎಂಬ ಪುಟದಲ್ಲಿ ‘ಭಾರತದ ಜಿಲ್ಲೆ’ ಎಂಬ ವರ್ಗವನ್ನೂ ‘ಕರ್ನಾಟಕ’ ಎಂಬ ಸ್ಥಳವನ್ನೂ ಆರಿಸಿದರೆ ಪಟ್ಟಿ ಬರುತ್ತದೆ.

ಆ ಪಟ್ಟಿಯಲ್ಲಿ 31 ಹೆಸರುಗಳು ಬಾರದಿದ್ದರೆ ಬೇಸರಪಡಬೇಕಾಗಿಲ್ಲ, ಕಲಿಕೆ ಆರಂಭವಾಗುವುದೇ ಅಲ್ಲಿ. ಯಾರೋ ಸ್ವಯಂಸೇವಕರು ಒಂದು ಜಿಲ್ಲೆಯನ್ನು ನೇರವಾಗಿ ಕರ್ನಾಟಕದ ಅಡಿಯಲ್ಲಿ ಸೇರಿಸದೆ ಕಲಬುರಗಿ ಕಂದಾಯ ವಿಭಾಗದ ಅಡಿಯಲ್ಲಿ ಸೇರಿಸಿರಬಹುದು, ಅಥವಾ ಜಿಲ್ಲೆಯ ಬದಲು ಜಿಲ್ಲಾ ಕೇಂದ್ರದ ಊರಿಗೆ ಆ ವರ್ಗವನ್ನು ಕೊಟ್ಟಿರಬಹುದು. ಕಾಣೆಯಾದ ಜಿಲ್ಲೆಯ ಪುಟವನ್ನು ತೆರೆದು, ಹೇಳಿಕೆಗಳ ಕೆಳಗೆ ಆಕರವನ್ನು ಕೊಟ್ಟಿದೆಯೇ ಎಂದು ನೋಡಿ, ಇತಿಹಾಸದ ಪುಟದಲ್ಲಿ ಬದಲಾವಣೆಯ ದಿನಾಂಕವನ್ನು ಹುಡುಕಿದರೆ ಯಾವುದೇ ಸಹಾಯ ಪುಟ ಕಲಿಸುವುದಕ್ಕಿಂತ ಹೆಚ್ಚು ತಿಳಿಯುತ್ತದೆ. ಸ್ಪಾರ್ಕಲ್ ಪುಟಕ್ಕೆ ಹೋದಮೇಲೆ ಅಲ್ಲಿರುವ ಉದಾಹರಣೆಗಳನ್ನು ತೆರೆದು, ಅವುಗಳಲ್ಲಿನ ದೇಶದ ಸಂಖ್ಯೆಯನ್ನು ಭಾರತದ ಕ್ಯೂ668ಕ್ಕೆ ಬದಲಿಸಿ ಓಡಿಸುವುದು ಒಳ್ಳೆಯ ಪಾಠ. ಒಂದು ಪ್ರಶ್ನೆಗೆ 60 ಸೆಕೆಂಡುಗಳ ಮಿತಿಯಿದೆ. ಅಷ್ಟರೊಳಗೆ ಉತ್ತರ ಬಾರದಿದ್ದರೆ ಪ್ರಶ್ನೆಯನ್ನು ಸಣ್ಣದು ಮಾಡಿಕೊಳ್ಳಬೇಕು.

ಜನರು ಗೂಗಲ್‌ನಲ್ಲಿ ಯಾವ ಪದವನ್ನು ಯಾವಾಗ ಹೆಚ್ಚು ಹುಡುಕಿದರೆಂದು ತೋರಿಸುವ ಗೂಗಲ್ ಟ್ರೆಂಡ್ಸ್ ಬಗ್ಗೆ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು, ಏಕೆಂದರೆ ಸುದ್ದಿಗಳಲ್ಲಿ ಇದರಷ್ಟು ತಪ್ಪಾಗಿ ಬಳಕೆಯಾಗುವ ಸಾಧನ ಬೇರೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಅಲ್ಲಿ ಕಾಣುವ 0ಯಿಂದ 100ರವರೆಗಿನ ಅಂಕೆಗಳು ಹುಡುಕಾಟಗಳ ಸಂಖ್ಯೆಯಲ್ಲ. ಆರಿಸಿಕೊಂಡ ಸ್ಥಳ ಮತ್ತು ಅವಧಿಯಲ್ಲಿ ಒಟ್ಟು ಹುಡುಕಾಟಗಳ ಪೈಕಿ ಆ ಪದದ ಪಾಲು ಅತಿ ಹೆಚ್ಚಾಗಿದ್ದ ಗಳಿಗೆಯನ್ನು 100 ಎಂದು ಇಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೋಲಿಸಿ ಬರೆದದ್ದು. ಇದನ್ನು ಪರೀಕ್ಷಿಸಲು ದಸರಾ ಎಂಬ ಪದವನ್ನು ಕರ್ನಾಟಕಕ್ಕೆ ಸೀಮಿತಗೊಳಿಸಿ ಹುಡುಕಬೇಕು. ವಿಜಯದಶಮಿ 2022ರಲ್ಲಿ ಅಕ್ಟೋಬರ್ 5ಕ್ಕೂ, ಅಧಿಕ ಮಾಸವಿದ್ದ 2023ರಲ್ಲಿ ಅಕ್ಟೋಬರ್ 24ಕ್ಕೂ, 2024ರಲ್ಲಿ ಅಕ್ಟೋಬರ್ 12ಕ್ಕೂ ಬಿದ್ದಿತ್ತು. ಗೆರೆಯ ಶಿಖರಗಳು ಪಂಚಾಂಗದ ಈ ಏರುಪೇರನ್ನು ಅನುಸರಿಸಿದರೆ ಸಾಧನದ ಬಗೆಗೂ, ಅದನ್ನು ಓದುವ ನಮ್ಮ ಕ್ರಮದ ಬಗೆಗೂ ಸ್ವಲ್ಪ ಭರವಸೆ ಮೂಡುತ್ತದೆ. ಕನ್ನಡ ಲಿಪಿಯ ಪದವನ್ನೂ ರೋಮನ್ ಲಿಪಿಯ ಪದವನ್ನೂ ಬೇರೆಬೇರೆಯಾಗಿ ಹಾಕಿ ನೋಡುವುದನ್ನು ಮರೆಯಬಾರದು. ನಮ್ಮಲ್ಲಿ ಹಲವರು ಕನ್ನಡವನ್ನೇ ರೋಮನ್ ಲಿಪಿಯಲ್ಲಿ ಹುಡುಕುತ್ತಾರೆ.

ಕನ್ನಡದ ಪಠ್ಯವನ್ನು ಹಾಕಿ ನೋಡುವುದು

ಡೌನ್‌ಲೋಡ್ ಮಾಡಿಕೊಂಡ ಸಿಎಸ್‌ವಿ ಕಡತವನ್ನು (ಕೋಷ್ಟಕವನ್ನು ಅಲ್ಪವಿರಾಮಗಳಿಂದ ಬೇರ್ಪಡಿಸಿ ಬರೆದ ಸರಳ ಪಠ್ಯವನ್ನು) ನೇರವಾಗಿ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣಿಸಿದರೆ ಕಡತ ಕೆಟ್ಟಿದೆಯೆಂದು ಭಾವಿಸಬಾರದು. ಡೇಟಾ ಮೆನುವಿನಿಂದ ಅದನ್ನು ಆಮದು ಮಾಡಿಕೊಳ್ಳುವಾಗ ಯುಟಿಎಫ್-8 ಎಂಬ ಸಂಕೇತಕ್ರಮವನ್ನು ಆರಿಸಿದರೆ ಅಕ್ಷರಗಳು ಸರಿಯಾಗುತ್ತವೆ. ಲಿಬ್ರೆಆಫೀಸ್ ಕ್ಯಾಲ್ಕ್ ಇದನ್ನು ತೆರೆಯುವಾಗಲೇ ಕೇಳುತ್ತದೆ. ಹಾಗೆ ಮಾಡಿದರೂ ಸರಿಯಾಗದಿದ್ದರೆ ಅದು ಯುನಿಕೋಡ್‌ಗೆ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಜಾಗತಿಕ ಕ್ರಮಕ್ಕೆ) ಮುಂಚಿನ ನುಡಿ ಅಥವಾ ಬರಹ ಫಾಂಟ್‌ಗಳಲ್ಲಿ ಟೈಪಿಸಿದ ಹಳೆಯ ಪಠ್ಯವಾಗಿರಬಹುದು. ಅದನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ತಂದ ಮೇಲೆಯೇ ಯಾವುದೇ ಹೊಸ ಸಾಧನಕ್ಕೆ ಕೊಡಬೇಕು.

ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ಕೊಪ್ಪಳ ಎಂಬ ಹೆಸರಿನ ಮೊದಲ ಅಕ್ಷರದಲ್ಲಿರುವ ಒಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಆಗಿ ಕಂಡರೂ ಎಚ್ಚರವಿಲ್ಲದ ಸಾಧನವು ಅವುಗಳನ್ನು ಎರಡು ಊರುಗಳೆಂದು ಎಣಿಸುತ್ತದೆ. ‘ರಾಜ್‌ಕುಮಾರ್’ ಎಂಬಲ್ಲಿ ಒತ್ತಕ್ಷರವಾಗದಂತೆ ತಡೆಯಲು ಹಾಕುವ ಕಣ್ಣಿಗೆ ಕಾಣದ ಸಂಕೇತವೂ ಇಂಥದೇ ತೊಂದರೆ ಕೊಡುತ್ತದೆ. ೧, ೨, ೩ ಎಂದು ಕನ್ನಡ ಅಂಕಿಗಳಲ್ಲಿ ಬರೆದ ಕಾಲಮ್ಮನ್ನು ಕೂಡಿಸಲು ಹೇಳಿ ನೋಡಿದರೆ, ಸಾಧನವು ಅವುಗಳನ್ನು ಸಂಖ್ಯೆಗಳೆಂದು ತಿಳಿದಿದೆಯೋ ಪಠ್ಯವೆಂದು ತಿಳಿದಿದೆಯೋ ಗೊತ್ತಾಗುತ್ತದೆ. ಈ ಎಲ್ಲವನ್ನೂ ಒಳಗೊಂಡ ಹತ್ತು ಹನ್ನೆರಡು ಸಾಲಿನ ಪುಟ್ಟ ಕಡತವೊಂದನ್ನು ಒಮ್ಮೆ ಸಿದ್ಧಮಾಡಿ ಇಟ್ಟುಕೊಂಡರೆ ಮುಂದೆ ಬರುವ ಪ್ರತಿ ಸಾಧನಕ್ಕೂ ಅದೇ ಪರೀಕ್ಷೆಯಾಗುತ್ತದೆ. ಮಾತಿನಲ್ಲಿ ಪ್ರಶ್ನೆ ಕೇಳಿದರೆ ಉತ್ತರಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳಿಗೂ ಇದೇ ಕಡತ ಸಾಕು. ಅವುಗಳಲ್ಲಿ ಉತ್ತರದ ಜೊತೆಗೆ ಯಾವ ಸಾಲುಗಳಿಂದ ಆ ಉತ್ತರ ಬಂತೆಂದು ತೋರಿಸಲು ಹೇಳಬೇಕು, ತೋರಿಸಲಾಗದಿದ್ದರೆ ಆ ಅಂಕೆಯನ್ನು ಬರಹದಲ್ಲಿ ಬಳಸಬಾರದು. ಪರೀಕ್ಷೆಯ ಕಡತದಲ್ಲಿ ನಿಜವಾದ ವ್ಯಕ್ತಿಗಳ ಹೆಸರು, ಫೋನ್ ಸಂಖ್ಯೆ, ಆಧಾರ್ ಸಂಖ್ಯೆಗಳಾವುವೂ ಇರಬಾರದೆಂಬುದನ್ನು ಹೇಳಬೇಕಾಗಿಯೇ ಇಲ್ಲ, ಆದರೂ ಹೇಳಿಬಿಡುತ್ತೇನೆ.

ಸಾಮಾಜಿಕ ಜಾಲತಾಣಗಳ ವಿಷಯ

ಸಾಮಾಜಿಕ ಜಾಲತಾಣಕ್ಕೆ ಸೇರುವ ಮುನ್ನ ಹೊರಬರುವ ದಾರಿಯನ್ನು ನೋಡಿಕೊಳ್ಳಬೇಕೆನ್ನಲು ಕಾರಣಗಳಿವೆ. 2004ರಲ್ಲಿ ಬಂದ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. 2011ರಲ್ಲಿ ಬಂದ ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಸಾಮಾನ್ಯ ಬಳಕೆದಾರರಿಗೆ ಇಲ್ಲವಾಯಿತು. ಬೆಂಗಳೂರಿನಲ್ಲಿಯೇ ಹುಟ್ಟಿ 2020ರಲ್ಲಿ ಕನ್ನಡದಿಂದಲೇ ಆರಂಭವಾದ ಕೂ 2024ರ ಜುಲೈನಲ್ಲಿ ಬಾಗಿಲು ಹಾಕಿತು. 2023ರ ಜುಲೈನಲ್ಲಿ ಇನ್‌ಸ್ಟಾಗ್ರಾಂ ಖಾತೆಯ ಮೂಲಕ ಸೇರುವ ಥ್ರೆಡ್ಸ್ ಬಂದಾಗ ಐದೇ ದಿನಗಳಲ್ಲಿ 10 ಕೋಟಿಗೂ ಹೆಚ್ಚು ಜನ ಸೇರಿದರು. ಅದನ್ನು ಪೂರ್ತಿ ಅಳಿಸಬೇಕಾದರೆ ಇನ್‌ಸ್ಟಾಗ್ರಾಂ ಖಾತೆಯನ್ನೂ ಅಳಿಸಬೇಕೆಂಬ ನಿಯಮ ಆಗ ಇತ್ತೆಂಬುದು ಎಷ್ಟೋ ಜನರಿಗೆ ಗೊತ್ತಾದದ್ದು ಸೇರಿದ ಮೇಲೆ. ಆ ನಿಯಮವನ್ನು ಅದೇ ವರ್ಷದ ಕೊನೆಗೆ ಬದಲಿಸಲಾಯಿತು.

ಮ್ಯಾಸ್ಟಡಾನ್ ಮತ್ತು ಬ್ಲೂಸ್ಕೈಗಳನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. 2016ರಲ್ಲಿ ಆರಂಭವಾದ ಮ್ಯಾಸ್ಟಡಾನ್ ಒಂದೇ ಕಂಪನಿಯ ತಾಣವಲ್ಲ. ಬೇರೆಬೇರೆಯವರು ನಡೆಸುವ ಸರ್ವರ್‌ಗಳು (ಖಾತೆಗಳನ್ನೂ ಬರಹಗಳನ್ನೂ ಇಟ್ಟುಕೊಳ್ಳುವ ಕಂಪ್ಯೂಟರ್‌ಗಳು) ಪರಸ್ಪರ ಮಾತಾಡಿಕೊಳ್ಳುವ ವ್ಯವಸ್ಥೆ. ಆದ್ದರಿಂದ ಇಲ್ಲಿ ಮೊದಲ ಕೆಲಸ ಸರ್ವರ್‌ನ ಆಯ್ಕೆ. ಅದನ್ನು ಯಾರು ನಡೆಸುತ್ತಾರೆ, ಖರ್ಚನ್ನು ಯಾರು ಭರಿಸುತ್ತಾರೆ, ನಿಯಮಗಳೇನು ಎಂಬುದನ್ನು ಪರಿಚಯದ ಪುಟದಲ್ಲಿ ಓದಬೇಕು, ಈ ಮಾಹಿತಿಯೇ ಇಲ್ಲದ ಸರ್ವರನ್ನು ಬಿಟ್ಟು ಮುಂದೆ ಹೋಗಬೇಕು. ಮುಂದೆ ಸರ್ವರ್ ಬದಲಿಸಿದರೆ ನಮ್ಮನ್ನು ಅನುಸರಿಸುವವರನ್ನು ಹೊಸ ಖಾತೆಗೆ ಒಯ್ಯಬಹುದು, ಹಳೆಯ ಬರಹಗಳನ್ನು ಒಯ್ಯಲಾಗುವುದಿಲ್ಲ. ಅವುಗಳ ಪ್ರತಿಯನ್ನು ಏಳು ದಿನಕ್ಕೊಮ್ಮೆ ಇಳಿಸಿಕೊಳ್ಳಲು ಅವಕಾಶವಿದೆ. 2024ರ ಫೆಬ್ರುವರಿಯಲ್ಲಿ ಎಲ್ಲರಿಗೂ ತೆರೆದ ಬ್ಲೂಸ್ಕೈ ಕೂಡ ಖಾತೆಯ ಸಾರ್ವಜನಿಕ ದಾಖಲೆಗಳ ಪ್ರತಿಯನ್ನು ಕೊಡುತ್ತದೆ, ಆದರೆ ಆ ಕಡತ ಸಾಮಾನ್ಯ ತಂತ್ರಾಂಶಗಳಲ್ಲಿ ತೆರೆಯುವಂಥದಲ್ಲ. ಅಲ್ಲಿ ಯಾರ ಬರಹವನ್ನು ಮೆಚ್ಚಿದೆವು, ಯಾರನ್ನು ತಡೆದೆವು ಎಂಬುದೂ ಸಾರ್ವಜನಿಕ. ಮ್ಯಾಸ್ಟಡಾನ್‌ನಲ್ಲಿ ಖಾಸಗಿಯಾಗಿ ಕಳುಹಿಸಿದ ಸಂದೇಶವನ್ನು ಸರ್ವರ್ ನಡೆಸುವವರು ಓದಬಲ್ಲರು. ಗುಟ್ಟಿನ ಮಾತಿಗೆ ಅದು ಜಾಗವಲ್ಲ.

ಖಾತೆ ತೆರೆದ ಮೇಲೆ ಮೊದಲ ಬರಹವನ್ನು ಪರೀಕ್ಷೆಗೆಂದೇ ಬರೆಯುವುದು ಒಳ್ಳೆಯದು. ‘ಸ್ತ್ರೀ’ ಎಂಬುದು ನಮಗೆ ಒಂದು ಅಕ್ಷರವಾದರೂ ಯುನಿಕೋಡ್‌ನಲ್ಲಿ ಆರು ಸಂಕೇತಗಳು. ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಒಂದು ಬರಹಕ್ಕಿರುವ 280ರ ಮಿತಿಯಲ್ಲಿ ಅದು ಆರನ್ನು ತಿನ್ನುತ್ತದೆ. ಹೊಸ ತಾಣದ ಬರೆಯುವ ಚೌಕದಲ್ಲಿ ಅದನ್ನು ಹಾಕಿ ಎಣಿಕೆ ಎಷ್ಟು ಇಳಿಯುತ್ತದೆಂದು ನೋಡಿದರೆ, ಮ್ಯಾಸ್ಟಡಾನ್‌ನ ಸಾಮಾನ್ಯ ಮಿತಿಯಾದ 500 ಅಥವಾ ಬ್ಲೂಸ್ಕೈನ 300 ಕನ್ನಡದಲ್ಲಿ ಎಷ್ಟು ವಾಕ್ಯಗಳಿಗೆ ಸಾಲುತ್ತದೆಂದು ತಿಳಿಯುತ್ತದೆ. ‘#ರಾಜ್‌ಕುಮಾರ್’ ಎಂದು ಹ್ಯಾಶ್‌ಟ್ಯಾಗ್ ಹಾಕಿ, ಅದು ಕೊನೆಯವರೆಗೆ ಕೊಂಡಿಯಾಗುತ್ತದೆಯೋ ‘ರಾಜ್’ ಎಂಬಲ್ಲಿಯೇ ತುಂಡಾಗುತ್ತದೆಯೋ ನೋಡಬೇಕು. ಬರಹದ ಭಾಷೆಯನ್ನು ಕನ್ನಡವೆಂದು ಗುರುತಿಸುವ ಆಯ್ಕೆ ಈ ಎರಡೂ ತಾಣಗಳಲ್ಲಿದೆ. ಅದನ್ನು ಇಂಗ್ಲಿಷಿಗೇ ಬಿಟ್ಟರೆ ಕನ್ನಡದ ಬರಹಗಳನ್ನು ಮಾತ್ರ ಸೋಸಿ ಓದುವವರಿಗೆ ನಮ್ಮ ಬರಹ ಕಾಣದೆಹೋಗುತ್ತದೆ. ಮ್ಯಾಸ್ಟಡಾನ್‌ನಲ್ಲಿ ಹುಡುಕಾಟಕ್ಕೆ ಸಿಗಬೇಕೆಂದರೆ ಅದಕ್ಕೆ ಒಪ್ಪಿಗೆಯನ್ನೂ ಪ್ರತ್ಯೇಕವಾಗಿ ಕೊಡಬೇಕು.

ಸಂಪರ್ಕಗಳ ಪಟ್ಟಿಯನ್ನು ಕೇಳುವ ಕಿಟಕಿಗೆ ಬೇಡವೆಂದೇ ಉತ್ತರಿಸಬೇಕು, ಏಕೆಂದರೆ ಅದರಲ್ಲಿರುವ ಸಂಖ್ಯೆಗಳು ನಮ್ಮವಲ್ಲ. ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ನ ದತ್ತಾಂಶ ಸುರಕ್ಷತೆಯ ಬಗ್ಗೆ ಕಾಣುವ ವಿವರವನ್ನು ಆ್ಯಪ್ ಮಾಡಿದವರೇ ಬರೆದು ಕೊಟ್ಟಿರುತ್ತಾರಾದ್ದರಿಂದ ಅದನ್ನು ಘೋಷಣೆಯೆಂದು ಓದಬೇಕೇ ಹೊರತು ತಪಾಸಣೆಯ ವರದಿಯೆಂದು ಓದಬಾರದು. ಹೊಸ ಗುಪ್ತಪದವನ್ನು ಬಳಸಿ, ಎರಡು ಹಂತದ ದೃಢೀಕರಣವನ್ನು ಮೊದಲ ದಿನವೇ ಹಾಕಿಕೊಳ್ಳಬೇಕು.

ತಾಣ ಬೇಡವೆನಿಸಿದರೆ ಫೋನಿನಿಂದ ಆ್ಯಪ್ ತೆಗೆದುಹಾಕಿ ಸುಮ್ಮನಾಗುವುದು ಸಾಲದು. ಅದರಿಂದ ಖಾತೆ ಹೋಗುವುದಿಲ್ಲ. ಮೊದಲು ಬರಹಗಳ ಪ್ರತಿಯನ್ನು ಇಳಿಸಿಕೊಂಡು, ಅದು ತೆರೆಯುತ್ತದೆಯೇ ಎಂದು ನೋಡಿ, ಆಮೇಲೆ ಖಾತೆಯನ್ನು ಅಳಿಸಬೇಕು. ಮ್ಯಾಸ್ಟಡಾನ್‌ನಲ್ಲಿ ಅಳಿಸಿದ ಬಳಕೆದಾರ ಹೆಸರು ಆ ಸರ್ವರ್‌ನಲ್ಲಿ ಮತ್ತೆ ಸಿಗುವುದಿಲ್ಲ, ಮತ್ತು ಬೇರೆ ಸರ್ವರ್‌ಗಳಿಗೆ ಈಗಾಗಲೇ ಹೋಗಿರುವ ಪ್ರತಿಗಳು ಅಲ್ಲಿಯೇ ಉಳಿಯಬಹುದು. ಗೂಗಲ್ ಖಾತೆಯ ಮೂಲಕ ಪ್ರವೇಶಿಸಿದ ಸೇವೆಯಾಗಿದ್ದರೆ, ಗೂಗಲ್ ಖಾತೆಯ ಭದ್ರತೆಯ ವಿಭಾಗಕ್ಕೆ ಹೋಗಿ, ಸಂಪರ್ಕ ಹೊಂದಿರುವ ಆ್ಯಪ್‌ಗಳ ಪಟ್ಟಿಯಿಂದಲೂ ಅದರ ಹೆಸರನ್ನು ತೆಗೆದುಹಾಕಬೇಕು.