ಹಾರ್ಟ್ ಅಟ್ಯಾಕ್ ಆದ ದಿನ ಶುಗರ್ ಏರಿದ್ದರೆ ಏನು ಮಾಡಬೇಕು?

ಮನೆಯವರಿಗೆ ಹಾರ್ಟ್ ಅಟ್ಯಾಕ್ ಆಗಿ ಐಸಿಯುನಲ್ಲಿದ್ದಾರೆ, ಯಾವತ್ತೂ ಶುಗರ್ ಇಲ್ಲದವರಿಗೆ ರಿಪೋರ್ಟಲ್ಲಿ 210 ಬಂದಿದೆ. ಗಾಬರಿ ಬೇಡ, ಆದರೆ ಟೆನ್ಷನ್‌ಗೆ ಏರಿದೆ ಬಿಡಿ ಅಂತ ಸುಮ್ನೆ ಇರಲೂಬೇಡಿ. ಹೃದಯಕ್ಕೆ ಪೆಟ್ಟು ಬಿದ್ದಾಗ ಅಡ್ರಿನಲಿನ್, ಕಾರ್ಟಿಸಾಲ್ ಜಾಸ್ತಿಯಾಗಿ ಲಿವರ್ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೀಗೆ ಏರಿದವರಲ್ಲಿ ಹಾರ್ಟ್ ಫೇಲ್ಯೂರ್ ಮತ್ತು ಸಾವಿನ ಅಪಾಯ ಹೆಚ್ಚು, ಮೊದಲು ಶುಗರ್ ಇಲ್ಲದವರಲ್ಲೂ.

ಎಚ್‌ಬಿಎ1ಸಿ ಅನ್ನೋ ರಕ್ತಪರೀಕ್ಷೆ ಮಾಡಿಸಿದ್ದಾರಾ ಅಂತ ಮೊದಲು ಕೇಳಿ. ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ಲೆಕ್ಕವನ್ನು ಶೇಕಡಾದಲ್ಲಿ ಹೇಳುತ್ತದೆ. 6.5 ಅಥವಾ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ ಮೊದಲೇ ಇತ್ತು, ಗೊತ್ತಾಗಿರಲಿಲ್ಲ ಅಷ್ಟೆ. 5.7ಕ್ಕಿಂತ ಕಡಿಮೆ ಇದ್ದರೆ ಹೆಚ್ಚಾಗಿ ಒತ್ತಡದ್ದೇ.

ಆಸ್ಪತ್ರೆಯಲ್ಲಿ 180 ದಾಟಿದರೆ ಸಾಮಾನ್ಯವಾಗಿ ಇನ್ಸುಲಿನ್ ಕೊಟ್ಟು 140ರಿಂದ 180ರ ಒಳಗೆ ಇಡುತ್ತಾರೆ. ಇನ್ನೂ ಇಳಿಸಿ ಅಂತ ಒತ್ತಾಯ ಮಾಡಬೇಡಿ. 70ಕ್ಕಿಂತ ಕೆಳಗೆ ಹೋದರೆ ಅದೂ ಹೃದಯಕ್ಕೆ ಅಪಾಯ.

ನಮ್ಮಪ್ಪನ ಡಿಸ್ಚಾರ್ಜ್ ಹಾಳೆಗಳಲ್ಲಿ, ಮೂರನೇ ಪುಟದ ತುದಿಯಲ್ಲಿ, 214 ಅಂತ ಸಣ್ಣಕ್ಷರದಲ್ಲಿತ್ತು, ಯಾರೂ ಅದರ ಮಾತೆತ್ತಲಿಲ್ಲ. ಅದಕ್ಕೇ ಹೇಳ್ತೀನಿ, ಆ ನಂಬರ್ ಹುಡುಕಿ ಪೆನ್ನಲ್ಲಿ ಸುತ್ತು ಹಾಕಿ, ಫಾಲೋಅಪ್‌ಗೆ ಹೋದಾಗ ಡಾಕ್ಟರಿಗೆ ತೋರಿಸಿ, ಖಾಲಿ ಹೊಟ್ಟೆಯ ಶುಗರ್ ಮತ್ತೆ ಮಾಡಿಸಿ.