ಬಿಸು ಹೊತ್ತಿಗೆ ಹಟ್ಟಿಯಲ್ಲಿ ಕರು ಹುಟ್ಟಿದರೆ

ಬಿಸು, ಅಂದರೆ ಏಪ್ರಿಲ್ ನಡುವಿನ ನಮ್ಮ ಹೊಸ ವರ್ಷ, ಹತ್ತಿರ ಬಂತು. ಗೇರುಹಣ್ಣು ಉದುರುವ ಕಾಲ. ನೀರಿಗಾಗಿ ಗುಡ್ಡ ಕೊರೆದ ಸುರಂಗದ ನೀರು ಬೆರಳು ಗಾತ್ರಕ್ಕೆ ಇಳಿದಿದೆ. ಬದಿಯಡ್ಕದ ಈಚೆ ನಮ್ಮ ಹಟ್ಟಿಯಲ್ಲಿ ಮೂರು ಕಾಸರಗೋಡು ಗಿಡ್ಡ ತಳಿಯ ದನ, ಒಂದು ಜೆರ್ಸಿ ಕ್ರಾಸ್. ತುಳುವಿನ ಸುಗ್ಗಿ ತಿಂಗಳಲ್ಲಿ (ಮಾರ್ಚ್-ಏಪ್ರಿಲ್) ಇವುಗಳಲ್ಲಿ ಒಂದಾದರೂ ಕರು ಹಾಕುವುದು ಗ್ಯಾರಂಟಿ.

ಮೊದಲು ದಿನದ ಲೆಕ್ಕ. ಗಬ್ಬ ಕಟ್ಟಿದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಅಲ್ಲಿಂದ ಸುಮಾರು 280 ದಿನ. ಜೂನ್ ಕೊನೆಗೆ ಗಬ್ಬವಾದದ್ದು ಏಪ್ರಿಲ್ ಮೊದಲ ವಾರಕ್ಕೆ ಕರು ಹಾಕುತ್ತದೆ. ಹದಿನೈದು ದಿನ ಮುಂಚೆಯೇ ಹಟ್ಟಿಯ ಒಂದು ಮೂಲೆ ತೊಳೆದು ಒಣಗಿಸಿ, ಒಣ ತರಗೆಲೆ ದಪ್ಪಕ್ಕೆ ಹಾಸಿ. ಶೀಟಿನ ಮಾಡು (ಛಾವಣಿ) ಆದರೆ ಮೇಲೆ ತೆಂಗಿನ ಮಡಲು ಹೊದೆಸಿ. ಮಧ್ಯಾಹ್ನ ಕೆಳಗೆ ನಿಂತು ನೋಡಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಕೆಚ್ಚಲು ಬಿಗಿಯಾಗಿ, ಬಾಲದ ಬುಡದ ಎರಡೂ ಬದಿ ಗುಂಡಿ ಬಿದ್ದರೆ ಹೊತ್ತು ಹತ್ತಿರ ಬಂತು ಎಂದರ್ಥ. ನೀರಿನ ಚೀಲ ಒಡೆದ ಮೇಲೆ ಮುಂದಿನ ಎರಡು ಗೊರಸು, ಅದರ ಮೇಲೆ ಮೂತಿ ಕಾಣಬೇಕು. ಒಂದೇ ಕಾಲು ಅಥವಾ ಬಾಲ ಕಂಡರೆ, ಇಲ್ಲವೇ ಒಂದೆರಡು ಗಂಟೆ ಕಳೆದರೂ ಏನೂ ಕಾಣದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ನೀವೇ ಎಳೆಯಲು ಹೋಗಬೇಡಿ.

ಕರು ನೆಲಕ್ಕೆ ಬಿದ್ದ ಕೂಡಲೇ ಬಾಯಿ, ಮೂಗಿನ ಲೋಳೆ ತೆಗೆಯಿರಿ. ಉಸಿರು ತಡವಾದರೆ ಬೈಹುಲ್ಲಿನ ಕಡ್ಡಿಯನ್ನು ಮೂಗಿಗೆ ಹಾಕಿ ಕಚಗುಳಿ ಮಾಡಿ, ಸೀನುತ್ತದೆ. ಉಳಿದ ಕೆಲಸ ತಾಯಿಯ ನಾಲಿಗೆಯದ್ದು. ಹೊಕ್ಕುಳ ಬಳ್ಳಿ ತಾನಾಗಿ ತುಂಡಾಗದಿದ್ದರೆ ಎರಡಿಂಚು ಬಿಟ್ಟು ಶುದ್ಧ ನೂಲಿನಿಂದ ಕಟ್ಟಿ, ಕೆಳಗೆ ಕತ್ತರಿಸಿ, ತುದಿಯನ್ನು ಟಿಂಕ್ಚರ್ ಅಯೋಡಿನ್‌ನಲ್ಲಿ ಅದ್ದಿ. ಬೂದಿ, ಸೆಗಣಿ ಮೆತ್ತುವುದು ಬೇಡ.

ಈಗ ಗಿಣ್ಣಿನ, ಅಂದರೆ ಕರು ಹಾಕಿದ ಮೇಲಿನ ಮೊದಲ ಹಾಲಿನ ವಿಷಯ. ನಾನು ಹೊಸದಾಗಿ ಹಟ್ಟಿ ಕೆಲಸಕ್ಕೆ ಇಳಿದ ವರ್ಷ ಅತ್ತೆ ಹೇಳಿದ್ದರು, “ಕಸ ಬೀಳದೆ ಕಂಜಿಯನ್ನು ಕೆಚ್ಚಲಿಗೆ ಬಿಡಬೇಡ ಮಗಾ.” (ಕಂಜಿ ಎಂದರೆ ಕರು, ಕಸ ಎಂದರೆ ಕರುವಿನ ಹಿಂದೆ ಬೀಳುವ ಮಾಸು.) ಬಿಡಲಿಲ್ಲ. ಕಸ ಬಿದ್ದದ್ದು ಒಂಬತ್ತು ಗಂಟೆ ಕಳೆದ ಮೇಲೆ. ಅಷ್ಟರಲ್ಲಿ ಕರುವಿಗೆ ಚೀಪಲೂ ತ್ರಾಣ ಇರಲಿಲ್ಲ. ಮೂರನೇ ದಿನ ಬಿಳಿ ಭೇದಿ, ಐದನೇ ದಿನ ತೋಟದ ಮೂಲೆಯಲ್ಲಿ ಗುಂಡಿ ತೋಡಬೇಕಾಯಿತು.

ಕಾರಣ ಆಮೇಲೆ ತಿಳಿಯಿತು. ನಮ್ಮ ಮಕ್ಕಳಿಗೆ ರೋಗ ತಡೆಯುವ ಶಕ್ತಿಯ ಒಂದು ಪಾಲು ತಾಯಿಯ ಹೊಟ್ಟೆಯಲ್ಲೇ ಸಿಗುತ್ತದೆ. ಕರುವಿಗೆ ಹಾಗಿಲ್ಲ, ಸಿಗುವುದೆಲ್ಲ ಗಿಣ್ಣಿನಿಂದಲೇ. ಅದನ್ನು ರಕ್ತಕ್ಕೆ ಎಳೆದುಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಗಂಟೆ ಗಂಟೆಗೂ ಕಡಿಮೆಯಾಗುತ್ತದೆ. ಒಂದು ದಿನ ಕಳೆದರೆ ಬಂದ್. ಹಾಗಾಗಿ ಒಂದು ಗಂಟೆಯೊಳಗೆ, ಜಾಸ್ತಿ ಎಂದರೆ ಎರಡು ಗಂಟೆಯೊಳಗೆ ಕುಡಿಸಿ. ಕರು ಚೀಪಿದರೆ ಕಸ ಬೀಳಲೂ ಸಹಾಯವೇ.

ಎಷ್ಟು? ಮೊದಲ ದಿನ ಕರುವಿನ ತೂಕದ ಹತ್ತರಲ್ಲಿ ಒಂದು ಪಾಲು, ಮೂರು ನಾಲ್ಕು ಸಲ ಮಾಡಿ. ಕರುವನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನನ್ನ ತೂಕ ಕಳೆಯುವುದು ನನ್ನ ಉಪಾಯ. (ನನ್ನ ತೂಕ ಮನೆಯವರಿಗೆಲ್ಲ ಗೊತ್ತಾಗುವುದೊಂದೇ ತೊಂದರೆ.) ಕಳೆದ ಸಲದ ಗಿಡ್ಡದ ಕರು 11 ಕಿಲೋ, ಅಂದರೆ ಲೀಟರಿನ ಮೇಲೆ ಚೂರು. ಕ್ರಾಸ್ ದನದ ಕರುವಿಗೆ ಎರಡೂವರೆ, ಮೂರು ಲೀಟರ್ ಬೇಕಾಗುತ್ತದೆ. ಬೆಲ್ಲ, ಏಲಕ್ಕಿ ಹಾಕಿ ಬೇಯಿಸುವ ಗಿಣ್ಣಿನ ಆಸೆ ಎರಡನೇ ದಿನಕ್ಕಿರಲಿ.

ಕಸ ಸಾಮಾನ್ಯವಾಗಿ 8ರಿಂದ 12 ಗಂಟೆಯೊಳಗೆ ಬೀಳುತ್ತದೆ. ದನ ತಿನ್ನದ ಹಾಗೆ ತೆಗೆದು ಹೂಳಿ. ಬೀಳದಿದ್ದರೆ ಕಲ್ಲು ಕಟ್ಟಿ ಎಳೆಯಬೇಡಿ, ಡಾಕ್ಟರನ್ನು ಕರೆಯಿರಿ. ಜಾಸ್ತಿ ಹಾಲಿನ ದನ ಕರು ಹಾಕಿದ ಮೇಲೆ ಏಳಲಾಗದೆ ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗಿದರೆ ಅದು ಕ್ಯಾಲ್ಸಿಯಂ ಕೊರತೆ. ಬೆಳಗಾಗುವವರೆಗೆ ಕಾಯಬೇಡಿ.

ಹತ್ತರಿಂದ ಹದಿನಾಲ್ಕು ದಿನದೊಳಗೆ ಜಂತುಹುಳದ ಮದ್ದು. ಎಳೆ ಕರುವಿಗೆ ಹುಳ ಎಲ್ಲಿಂದ ಅಂತೀರಾ? ತಾಯಿಯ ಹಾಲಿನಿಂದಲೇ ಬರುತ್ತದೆ. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ.

ಸೆಕೆಗೆ ಉಣ್ಣಿಯೂ ಜಾಸ್ತಿ. ದನದ ಮೈಗೆ ಮಾತ್ರ ಮದ್ದು ಹಚ್ಚಿದರೆ ಸುಮ್ನೆ ದುಡ್ಡು ದಂಡ. ರಕ್ತ ಹೀರಿದ ಉಣ್ಣಿ ಕೆಳಗೆ ಬಿದ್ದು ಗೋಡೆಯ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಬಿರುಕು ಮುಚ್ಚಿ, ಸುಣ್ಣ ಬಳಿಯಿರಿ. ದನದ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅದು ಉಣ್ಣಿಜ್ವರವಿರಬಹುದು, ಅದೇ ದಿನ ತೋರಿಸಿ. ಎಳೆ ಕರುವಿಗೆ ಉಣ್ಣಿ ಮದ್ದು ಕೇಳದೆ ಹಚ್ಚಬೇಡಿ, ವಿಷ.

ಕೊನೆಗೆ ಬಿಸು ಊಟ. ಉಳಿದ ಅನ್ನ, ಪಾಯಸ, ಜೊತೆಗೆ ಹಲಸಿನ ರೆಚ್ಚೆ (ತೊಳೆ ಬಿಡಿಸಿ ಉಳಿದದ್ದು), ಎಲ್ಲ ಸೀದಾ ಅಕ್ಕಚ್ಚಿನ (ದನಕ್ಕಿಡುವ ಕಲಗಚ್ಚಿನ) ಬಕೆಟಿಗೆ ಅಲ್ವಾ? ಒಮ್ಮೆಲೇ ಅಷ್ಟು ಬಿದ್ದರೆ ದನದ ಹೊಟ್ಟೆಯಲ್ಲಿ ಹುಳಿ ಏರಿ, ಮೇವು ಬಿಟ್ಟು, ನೀರಿನಂತೆ ಭೇದಿಯಾಗಿ ಜೀವಕ್ಕೇ ಬರಬಹುದು. ನಮ್ಮಲ್ಲಿ ಈಗ ದನಕ್ಕೆ ಶಾಸ್ತ್ರಕ್ಕೊಂದು ಸೌಟು, ಉಳಿದದ್ದು ಗೊಬ್ಬರದ ಗುಂಡಿಗೆ. ಅತ್ತೆಗೆ ಮಾತ್ರ ಅದು ಇನ್ನೂ ಸಮಾಧಾನ ಇಲ್ಲ.