ಅವ್ವನ ಸೀರೆಯಿಂದ ಕೌದಿ ಹೊಲಿದದ್ದು

ಅವ್ವ ತೀರಿಕೊಂಡ ಮೇಲೆ ಅವಳ ಕಬ್ಬಿಣದ ಟ್ರಂಕಿನಲ್ಲಿ ಒಂಬತ್ತು ಗಜದ ಐದು ಇಳಕಲ್ ಸೀರೆಗಳು ಉಳಿದವು. ನಮ್ಮ ಮನೆಯಲ್ಲಿ ಈಗ ಕಚ್ಚೆ ಹಾಕಿ ಸೀರೆ ಉಡುವವರು ಯಾರೂ ಇಲ್ಲ. ಸೆರಗುಗಳು ಗಟ್ಟಿಯಾಗಿದ್ದವು, ಒಡಲು ಮಾತ್ರ ಅಲ್ಲಲ್ಲಿ ಜಾಲರಿಯಂತೆ ತೆಳುವಾಗಿತ್ತು. ಹಳೆಯ ಬಟ್ಟೆ ಕೊಂಡು ಪಾತ್ರೆ ಕೊಡುವವಳು ಬಾಗಿಲಿಗೆ ಬಂದಾಗ ಸೀರೆಗಳನ್ನು ಹೊರಗೆ ತಂದೆ, ಕೊಡಲು ಮನಸ್ಸಾಗದೆ ಮತ್ತೆ ಒಳಗೆ ಒಯ್ದೆ. ಆ ವರ್ಷ ಮಗಳು ಧಾರವಾಡ ಬಿಟ್ಟು ಹಾಸ್ಟೆಲಿಗೆ ಹೊರಟಿದ್ದಳು. ಅವಳಿಗೊಂದು ಕೌದಿ, ಅಂದರೆ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಜೋಡಿಸಿದ ಹೊದಿಕೆ, ಹೊಲಿದು ಕೊಡೋಣ ಎಂದುಕೊಂಡೆ.

ನಾನು ಚಿಕ್ಕವಳಿದ್ದಾಗ ಪ್ರತಿ ಬೇಸಿಗೆಯಲ್ಲಿ ಗೋಂಧಳಿ ಸಮುದಾಯದ ಅಜ್ಜಿಯೊಬ್ಬರು ನಮ್ಮ ಓಣಿಗೆ ಕೌದಿ ಹೊಲಿಯಲು ಬರುತ್ತಿದ್ದರು. ಪಡಸಾಲೆಯಲ್ಲಿ ಹರಡಿದ ಬಟ್ಟೆಯ ಮೇಲೆಯೇ ಕುಳಿತು, ಅಂಗೈಯಿಂದ ಸುಕ್ಕು ಸವರುತ್ತ ಹೊಲಿಯುತ್ತಿದ್ದರು. ಅವ್ವ ಹೊಸ ಬಟ್ಟೆಯ ತುಂಡೊಂದನ್ನು ಕೊಡಲು ಹೋದರೆ, "ಇದು ಬೇಡ ತಂಗೆವ್ವಾ, ಇನ್ನೂ ನಾಲ್ಕು ವರ್ಷ ಉಟ್ಟು ಆಮೇಲೆ ಕೊಡು" ಎನ್ನುತ್ತಿದ್ದರು. ಆ ಮಾತಿನ ಅರ್ಥ ನನಗೆ ತಿಳಿದದ್ದು ಮೊದಲ ಕೌದಿ ಕೆಟ್ಟಾಗ.

ಆಗ ಒಳಪದರಕ್ಕೆ ಅಂಗಡಿಯಿಂದ ಮಾದರಪಾಟ ಎನ್ನುವ ಒರಟು ಹತ್ತಿ ಬಟ್ಟೆ ತಂದಿದ್ದೆ. ನೀರಲ್ಲಿ ನೆನೆಸದೆ, ಗಂಜಿ ತೆಗೆಯದೆ ಹಾಗೆಯೇ ಸೇರಿಸಿ ಹೊಲಿದೆ. ಮೊದಲ ಸಲ ಒಗೆದಾಗ ಅದೊಂದೇ ಪದರ ಕುಗ್ಗಿತು. ನೂರಾರು ಸಲ ಒಗೆಸಿಕೊಂಡ ಸೀರೆಗೆ ಕುಗ್ಗಲು ಇನ್ನೇನೂ ಉಳಿದಿರಲಿಲ್ಲ. ಕೌದಿಯೆಲ್ಲ ಗುಬುರು ಗುಬುರಾಗಿ ಎದ್ದು ನಿಂತಿತು. ಅದರ ಮೇಲೆ, ಮೇಲುಹೊದಿಕೆಗೆ ಹಾಕಿದ್ದ ಕೆಂಪು ಖಣದ ತುಂಡು ಬಣ್ಣ ಬಿಟ್ಟು ಅಪ್ಪನ ಬಿಳಿ ಧೋತರವನ್ನೆಲ್ಲ ಗುಲಾಬಿ ಮಾಡಿತು. ಒಂದು ತಿಂಗಳ ಕೆಲಸವನ್ನು ಬ್ಲೇಡಿನಿಂದ ಬಿಚ್ಚುತ್ತ ಕುಳಿತೆ. ಅಂದಿನಿಂದ ಪ್ರತಿಯೊಂದು ಬಣ್ಣದ ತುಂಡಿನ ಮೇಲೂ ಒದ್ದೆ ಬಿಳಿ ಬಟ್ಟೆಯನ್ನು ಒತ್ತಿ ಉಜ್ಜಿ ನೋಡುತ್ತೇನೆ. ಕಲೆ ಹತ್ತಿದರೆ ಆ ತುಂಡು ಕೌದಿಗೆ ಬೇಡ.

ಆದ್ದರಿಂದ ಉಳಿಕೆಯ ವಸ್ತುಗಳಿಂದ ಏನಾದರೂ ಮಾಡಬೇಕೆಂದು ಹೊಸ ಬಟ್ಟೆ, ಲೇಸು, ಅಂಟು, ಮಣಿ ಕೊಳ್ಳಲು ಪೇಟೆಗೆ ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೌದಿಯ ಮೆತ್ತನೆಯನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ಇಪ್ಪತ್ತು ವರ್ಷ ಉಟ್ಟು, ಒಗೆದು, ಬಿಸಿಲಿಗೆ ಹಾಕಿದವರು ಅದನ್ನು ಆಗಲೇ ಮಾಡಿಟ್ಟಿರುತ್ತಾರೆ. ಎರಡನೆಯ ಕೌದಿಗೆ ನಾನು ಕೊಂಡದ್ದು ದಾರ ಮತ್ತು ಸೂಜಿ ಮಾತ್ರ. ಇನ್ನೂರು ರೂಪಾಯಿಯೊಳಗೆ ಮುಗಿಯಿತು.

ಎರಡನೆಯ ಸಲ ಮೊದಲು ಲೆಕ್ಕ ಹಾಕಿದೆ. ಒಂಬತ್ತು ಗಜದ ಸೀರೆ ಎಂದರೆ ಸುಮಾರು 8.2 ಮೀಟರ್. ಅದನ್ನು ಉದ್ದಕ್ಕೆ ನಾಲ್ಕಾಗಿ ಮಡಚಿದರೆ ಎರಡು ಮೀಟರ್ ಚಿಲ್ಲರೆ ಉದ್ದದ ನಾಲ್ಕು ಪದರ ಸಿಗುತ್ತದೆ. ಸೀರೆಯ ಪನ್ನವೇ ಕೌದಿಯ ಅಗಲ. ಒಬ್ಬರು ಹೊದೆಯಲು ಇಷ್ಟು ಸಾಕು, ಎಲ್ಲಿಯೂ ಕತ್ತರಿ ಹಾಕಬೇಕಾಗಿಲ್ಲ. ಮನೆಯಲ್ಲಿ ಐದೂವರೆ ಮೀಟರಿನ ಸೀರೆ ಇದ್ದರೆ ಮೂರಾಗಿ ಮಡಚಬೇಕು, ಆಗ ಆರಡಿ ಉದ್ದ ಬರುತ್ತದೆ. ನಾಲ್ಕು ಪದರದ ನನ್ನ ಸೀರೆಯ ಕೆಳಗೆ ಒಂದು ಹಳೆಯ ಧೋತರ, ಮೇಲೆ ಚಿಂದಿಗಳನ್ನು ಜೋಡಿಸಿದ ಹೊದಿಕೆ, ಹೀಗೆ ಒಟ್ಟು ಆರು ಪದರ. ಎಂಟು ಪದರ ಮಾಡಲು ಹೋಗಿ ಎರಡು ಸೂಜಿ ಮುರಿದೆ. ಕೈಗೂ ಅದು ಹಿಂಸೆ. ಮಡಚುವ ಮೊದಲು ತೂತುಗಳಿಗೆ ತೇಪೆ ಹಾಕಿ, ತೆಳುವಾದ ಜಾಗಗಳು ಒಂದರ ಮೇಲೊಂದು ಬಾರದಂತೆ ನೋಡಿಕೊಂಡೆ. ಪಾಲಿಯೆಸ್ಟರ್ ಸೀರೆಯನ್ನು ಹತ್ತಿಯ ಜೊತೆ ಸೇರಿಸಬಾರದು. ಅದು ಒಳಗೆ ಜಾರುತ್ತದೆ, ಬೆವರನ್ನೂ ಹೀರುವುದಿಲ್ಲ. ಅಂಥ ಸೀರೆಗಳನ್ನು ಉದ್ದುದ್ದ ಸೀಳಿ, ಜಡೆ ಹೆಣೆದು, ಸುತ್ತಿ ಹೊಲಿದು ಕಾಲೊರೆಸು ಮಾಡಿದೆ.

ಇನ್ನು ಹೊಲಿಗೆ. ನೆಲವನ್ನು ಒರೆಸಿ ಒಣಗಿಸಿ, ಪದರಗಳನ್ನು ಹಾಸಿ, ನಾಲ್ಕು ಮೂಲೆಗೂ ಒಳಕಲ್ಲಿನ ಗುಂಡು, ತೂಕದ ಕಲ್ಲು ಎಂದು ಸಿಕ್ಕಿದ್ದನ್ನು ಇಟ್ಟೆ. ಆಮೇಲೆ ಗೇಣಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ಕಚ್ಚಾ ಹೊಲಿಗೆ ಹಾಕಿದೆ. ಈ ಕೆಲಸಕ್ಕೆ ಒಂದು ಇಡೀ ದಿನ ಹೋಗುತ್ತದೆ, ಬೇಸರವೂ ಬರುತ್ತದೆ, ಆದರೆ ಬಿಡುವಂತಿಲ್ಲ. ನಮ್ಮ ಕಡೆಯ ಕೌದಿಯನ್ನು ಅಂಚಿನಿಂದ ಹೊಲಿಯುತ್ತ ಒಳಕ್ಕೆ ಬರುತ್ತೇವೆ. ಕಚ್ಚಾ ಹೊಲಿಗೆ ಇಲ್ಲದಿದ್ದರೆ ಸಡಿಲ ಬಟ್ಟೆಯೆಲ್ಲ ನಡುವಿಗೆ ಸರಿದು, ಕೊನೆಗೆ ಅಲ್ಲೊಂದು ದಿಬ್ಬ ಏಳುತ್ತದೆ. ಆ ಅಜ್ಜಿ ಕಚ್ಚಾ ಹೊಲಿಗೆ ಹಾಕುತ್ತಿರಲಿಲ್ಲ. ಅವರ ಅಂಗೈಯೇ ಆ ಕೆಲಸ ಮಾಡುತ್ತಿತ್ತು. ನನ್ನ ಕೈಗೆ ಆ ಪಳಗುವಿಕೆ ಇಲ್ಲ.

ದಬ್ಬಣ ಬಳಸಬೇಡಿ. ಹಳೆಯ ಬಟ್ಟೆಯಲ್ಲಿ ಅದು ಮಾಡಿದ ತೂತು ಮುಚ್ಚಿಕೊಳ್ಳುವುದಿಲ್ಲ. ನಡುತರದ ಉದ್ದನೆಯ ಸೂಜಿ ಸಾಕು. ದಾರವನ್ನು ಒಂದು ಮಾರು ತೆಗೆದುಕೊಂಡು ಎರಡೆಳೆ ಮಾಡಿ ಮೇಣದ ಬತ್ತಿಯ ತುಂಡಿಗೆ ಎಳೆದರೆ ಗಂಟು ಬೀಳುವುದು ಕಡಿಮೆಯಾಗುತ್ತದೆ. ಆರು ಪದರದಿಂದ ಸೂಜಿಯನ್ನು ಹೊರಗೆಳೆಯುವುದೇ ಕಷ್ಟದ ಕೆಲಸ. ಬೆರಳು ಜಾರಿ ಜಾರಿ ಸಿಪ್ಪೆ ಸುಲಿಯಿತು. ಕಡೆಗೆ ಹಳೆಯ ಸೈಕಲ್ ಟ್ಯೂಬಿನಿಂದ ಬೆರಳಗಲದ ಪಟ್ಟಿ ಕತ್ತರಿಸಿ ತೋರುಬೆರಳಿಗೆ ಸುತ್ತಿಕೊಂಡೆ. ರಬ್ಬರು ಸೂಜಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಈ ಇಡೀ ಕೆಲಸದಲ್ಲಿ ನಾನೇ ಕಂಡುಕೊಂಡದ್ದು ಇದೊಂದು, ಇಂದಿಗೂ ಅದರ ಬಗ್ಗೆ ನನಗೆ ಹೆಮ್ಮೆಯಿದೆ.

ಸಾಲಿನಿಂದ ಸಾಲಿಗೆ ಅರ್ಧ ಇಂಚು ಬಿಟ್ಟೆ. ಹೀಗೆ ಲೆಕ್ಕ ಹಾಕಿದರೆ ಒಂದು ಕೌದಿಗೆ ಸುಮಾರು 200 ಮೀಟರ್ ಹೊಲಿಗೆ ಬೀಳುತ್ತದೆ. ಎರಡೆಳೆ ಆದ್ದರಿಂದ ದಾರ 400 ಮೀಟರಿಗೂ ಹೆಚ್ಚು ಬೇಕು. ಗಂಟೆಗೆ ಮೂರು ಮೀಟರ್ ಹೊಲಿದರೆ ನನಗೆ ಅದು ಒಳ್ಳೆಯ ದಿನ. ಅಡುಗೆ ಮುಗಿದ ಮೇಲೆ ದಿನಕ್ಕೊಂದು ಗಂಟೆ ಕುಳಿತು ಎರಡು ತಿಂಗಳು ದಾಟಿದ ಮೇಲೆ ಕೌದಿ ಮುಗಿಯಿತು.

ಮೇಲುಹೊದಿಕೆಯಲ್ಲಿ ಅವ್ವನ ಕುಪ್ಪಸದ ಗುಳೇದಗುಡ್ಡ ಖಣ, ಮಗಳ ಶಾಲೆಯ ಸಮವಸ್ತ್ರ, ಮನೆಯವರ ಅಂಗಿಯ ಬೆನ್ನಿನ ಭಾಗ ಎಲ್ಲವೂ ಇವೆ. ಅಂಗಿಯ ಕೊರಳು, ತೋಳಿನ ಅಂಚು ಬೇಗ ಸವೆಯುತ್ತವೆ, ಬೆನ್ನು ಮಾತ್ರ ಹೊಸದರಂತೆ ಉಳಿದಿರುತ್ತದೆ. ಕಿತ್ತ ಗುಂಡಿಗಳು ಡಬ್ಬಿ ಸೇರಿದವು. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಹೂ ಹಾಕಿದೆ. ಅದನ್ನು ಕಲಿತದ್ದು ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿ ನೋಡಿ. ಕವಂದಿ ಎಂದು ಕರೆಯುವ ಆ ಕೌದಿಗೆ ಮೂಲೆಯ ಹೂ ಇಲ್ಲದಿದ್ದರೆ ಅವರ ಪಾಲಿಗೆ ಕೆಲಸ ಮುಗಿದಂತೆಯೇ ಅಲ್ಲ. ಆಫ್ರಿಕಾದ ಮೂಲದಿಂದ ಬಂದು ಉತ್ತರ ಕನ್ನಡದ ಕಾಡಂಚಿನಲ್ಲಿ ನೆಲೆಸಿದ ಆ ಜನರ ಬಣ್ಣ ಜೋಡಿಸುವ ಧೈರ್ಯ ನನಗಿನ್ನೂ ಬಂದಿಲ್ಲ. ನಾನು ಕೆಂಪಿನ ಪಕ್ಕ ಹಸಿರು ಇಡಲು ಒಂದು ಸಂಜೆಯೆಲ್ಲ ಯೋಚಿಸುತ್ತೇನೆ.

ಕೊನೆಯ ಗಂಟು ಹಾಕಿದ ದಿನ ಕೌದಿಯನ್ನು ಮಡಚಿ, ಅದರ ಮೇಲೆ ಒಂದು ಹಿಡಿ ಜೋಳ, ಒಂದು ತುಂಡು ಬೆಲ್ಲ ಇಟ್ಟೆ. ಅವ್ವ ಹಾಗೆ ಮಾಡುತ್ತಿದ್ದಳು. ಬರಿದಾದ ಹಾಸಿಗೆಯನ್ನು ಯಾರಿಗೂ ಕೊಡಬಾರದು ಎನ್ನುವುದು ಅವಳ ನಂಬಿಕೆ. ಮಗಳಿಗೆ ಕೌದಿಯ ಜೊತೆ ಅದೇ ದಾರದ ಉಂಡೆ ಮತ್ತು ಒಂದು ಸೂಜಿಯನ್ನೂ ಡಬ್ಬಿಯಲ್ಲಿ ಹಾಕಿ ಕಳಿಸಿದೆ.

ಮಹಾನವಮಿಗೆ ಮುಂಚೆ ಮನೆಯ ಹಾಸಿಗೆಯನ್ನೆಲ್ಲ ಒಗೆಯುವಂತೆ ಅವಳೂ ಹಾಸ್ಟೆಲಿನ ತಾರಸಿಯಲ್ಲಿ ಕೌದಿಯನ್ನು ಒಗೆದು ಒಣಗಿಸಿದಳು. ಈ ಸಲ ಯಾವ ಬಣ್ಣವೂ ಬಿಡಲಿಲ್ಲ. ಒಂದು ಮೂಲೆಯ ಹೂ ಮಾತ್ರ ಬಿಚ್ಚಿತಂತೆ. ಅವಳೇ ಹೊಲಿದು ಫೋಟೊ ಕಳಿಸಿದ್ದಾಳೆ. ಟಾಕುಗಳು ನನ್ನವಕ್ಕಿಂತ ದೊಡ್ಡವು, ಆದರೆ ಗಟ್ಟಿಯಾಗಿ ಬಿದ್ದಿವೆ.